ಓದುಗರ ಪ್ರಶ್ನೆಗೆ ಅಡುಗೆಮನೆಯ ಉತ್ತರ: ಸಕ್ಕರೆ, ಎಣ್ಣೆ ಕಡಿಮೆ ಮಾಡಿದಾಗ ತಿಂಡಿ ಕೆಡುವುದೇಕೆ?

ಹಬ್ಬಕ್ಕೂ ದಿನನಿತ್ಯಕ್ಕೂ ಮನೆಯಲ್ಲೇ ತಿಂಡಿ ಮಾಡುವವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೇಳುತ್ತವೆ: ಸಕ್ಕರೆ ಇಳಿಸಿದೆವು, ಬೆಣ್ಣೆ ಬಿಟ್ಟೆವು, ಮೈದಾ ಬದಲು ಗೋಧಿ ಹಿಟ್ಟು ಹಾಕಿದೆವು, ಆದರೆ ಮನೆಯಲ್ಲಿ ಯಾರೂ ತಿನ್ನಲಿಲ್ಲ. ಒಂದು ಪದಾರ್ಥವನ್ನು ತೆಗೆಯುವ ಮೊದಲು ಅದು ಆ ತಿಂಡಿಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು ನೋಡಿಕೊಂಡರೆ ಇಂಥ ನಷ್ಟ ಬಹಳಷ್ಟು ತಪ್ಪುತ್ತದೆ.

ಪ್ರಶ್ನೆ: ವೆನಿಲಾ ಕೇಕ್‌ಗೆ 200 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ ನನ್ನ ಮಾಮೂಲಿ ಅಳತೆ. ಈ ಸಲ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದೆ. ಕೇಕ್ ಬಿಳಿಚಿಕೊಂಡು, ಒಣಒಣವಾಗಿ ಬಂತು. ಬಣ್ಣ ಬರಲಿ ಎಂದು ಇನ್ನೂ ಹತ್ತು ನಿಮಿಷ ಓವನ್‌ನಲ್ಲಿಟ್ಟೆ, ಇನ್ನಷ್ಟು ಗಟ್ಟಿಯಾಯಿತು. ಏನು ತಪ್ಪಾಯಿತು?

ಉತ್ತರ: ಬಣ್ಣಕ್ಕಾಗಿ ಕಾದದ್ದೇ ದೊಡ್ಡ ತಪ್ಪು. ಕೇಕ್‌ನಲ್ಲಿ ಸಕ್ಕರೆಗೆ ಸಿಹಿ ಕೊಡುವುದಷ್ಟೇ ಕೆಲಸವಲ್ಲ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಹುರಿಗಟ್ಟದಂತೆ ತಡೆಯುತ್ತದೆ, ಬೆಣ್ಣೆಯ ಜೊತೆ ನೊರೆಯಾಡಿಸುವಾಗ ಗಾಳಿಯನ್ನು ಸೇರಿಸುತ್ತದೆ, ಮೇಲ್ಮೈಗೆ ಕೆಂಬಣ್ಣ ಕೊಡುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಹಿಟ್ಟಿನ ಪಿಷ್ಟ ಬೆಂದು ಗಟ್ಟಿಯಾಗುವುದನ್ನು ನಿಧಾನಿಸುತ್ತದೆ. ಸಕ್ಕರೆ ಕಡಿಮೆಯಾದಾಗ ಕೇಕ್ ಬೇಗ ಬೇಯುತ್ತದೆ, ಆದರೆ ಬಣ್ಣ ತಡವಾಗಿ ಬರುತ್ತದೆ. ನೀವು ಬಣ್ಣ ನೋಡುತ್ತಾ ನಿಂತಷ್ಟು ಹೊತ್ತೂ ಒಳಗಿನ ತೇವ ಆರಿಹೋಗುತ್ತಿರುತ್ತದೆ.

ಒಂದೇ ಸಲಕ್ಕೆ ಅರ್ಧ ಮಾಡಬೇಡಿ. 200 ಗ್ರಾಂ ಇದ್ದದ್ದನ್ನು 150 ಗ್ರಾಂ ಮಾಡಿದರೆ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯದು. 130–140 ಗ್ರಾಂಗೆ ಇಳಿಸುವುದಾದರೆ ಜೊತೆಗೆ ಎರಡು ದೊಡ್ಡ ಚಮಚ ಗಟ್ಟಿ ಮೊಸರು ಸೇರಿಸಿ. ಚೆನ್ನಾಗಿ ಕಳಿತ ಒಂದು ಬಾಳೆಹಣ್ಣನ್ನು ಕಿವುಚಿ ಹಾಕಿದರೂ ಆಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ ಹಣ್ಣೇ ಬೇಕು, ಏಕೆಂದರೆ ಕಾಯಿಯಲ್ಲಿರುವ ಪಿಷ್ಟ ಹಣ್ಣಾದ ಮೇಲೆ ಸಕ್ಕರೆಯಾಗಿರುತ್ತದೆ. ಕಿತ್ತಳೆ ಸಿಪ್ಪೆಯ ತುರಿ, ಚಕ್ಕೆ ಪುಡಿ, ವೆನಿಲಾ, ಒಂದು ಚಿಟಿಕೆ ಉಪ್ಪು, ಇವು ಇರುವ ಸಿಹಿಯನ್ನೇ ಎತ್ತಿ ತೋರಿಸುತ್ತವೆ. ಕೇಕ್ ಆಯಿತೇ ಎಂದು ನೋಡುವುದನ್ನು ಮಾಮೂಲಿಗಿಂತ 5–8 ನಿಮಿಷ ಮೊದಲೇ ಶುರುಮಾಡಿ. ನಡುವೆ ಚುಚ್ಚಿದ ಕಡ್ಡಿಗೆ ಒಂದೆರಡು ತೇವದ ಅಗುಳು ಅಂಟಿಕೊಂಡು ಬಂದರೆ ಸಾಕು, ಹೊರಗೆ ತೆಗೆಯಿರಿ. ಬಣ್ಣ ತಿಳಿಯಾಗಿದ್ದರೆ ಇರಲಿ ಬಿಡಿ.

ಬೆಣ್ಣೆಯ ಮಾತೂ ಹೀಗೆಯೇ. ಅರ್ಧ ಬೆಣ್ಣೆಯ ಜಾಗಕ್ಕೆ ಬೇಯಿಸಿ ಅರೆದ ಸೇಬನ್ನೋ ಬಾಳೆಹಣ್ಣನ್ನೋ ಹಾಕಬಹುದು. ಪೂರ್ತಿ ಬೆಣ್ಣೆ ತೆಗೆದರೆ ಕೇಕ್ ರಬ್ಬರಿನಂತಾಗುತ್ತದೆ, ಏಕೆಂದರೆ ಹಿಟ್ಟಿನ ಕಣಗಳಿಗೆ ಲೇಪವಾಗಿ ಗ್ಲುಟೆನ್ ಎಳೆಗಟ್ಟದಂತೆ ತಡೆಯುತ್ತಿದ್ದದ್ದು ಆ ಕೊಬ್ಬೇ. ಬೆಣ್ಣೆಗೆ ಬದಲಾಗಿ ಎಣ್ಣೆ ಹಾಕುವವರು 100 ಗ್ರಾಂ ಬೆಣ್ಣೆಗೆ 80 ಗ್ರಾಂ ಎಣ್ಣೆ ಎಂದಿಟ್ಟುಕೊಳ್ಳಿ. ಬೆಣ್ಣೆಯಲ್ಲಿ ಸುಮಾರು ಶೇ. 80 ಮಾತ್ರ ಕೊಬ್ಬು, ಉಳಿದದ್ದು ಹೆಚ್ಚಾಗಿ ನೀರು.

ಪ್ರಶ್ನೆ: ಸಕ್ಕರೆಯ ಬದಲು ಜೇನುತುಪ್ಪ ಅಥವಾ ಕಂದು ಸಕ್ಕರೆ ಹಾಕಿದರೆ ತಿಂಡಿ ಆರೋಗ್ಯಕರವಾಗುತ್ತದಲ್ಲವೇ?

ಉತ್ತರ: ರುಚಿ ಬದಲಾಗುತ್ತದೆ, ಸಕ್ಕರೆಯ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಕಂದು ಸಕ್ಕರೆ ಎಂದರೆ ಕಾಕಂಬಿಯ ಅಂಶ ಉಳಿದಿರುವ ಸಕ್ಕರೆ, ಅಷ್ಟೇ. ಜೇನಿನಲ್ಲಿ ಸುಮಾರು ಶೇ. 80 ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನು, ಸಿರಪ್, ಹಣ್ಣಿನ ರಸದ ಸಕ್ಕರೆಯೂ ನಾವು ಮೇಲಿಂದ ಹಾಕುವ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಇವೆಲ್ಲ ಸೇರಿ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು.

ಜೇನಿಗೆ ಒಂದು ಅನುಕೂಲ ಇದೆ. ಅದು ಸಕ್ಕರೆಗಿಂತ ತುಸು ಹೆಚ್ಚು ಸಿಹಿ, ಆದ್ದರಿಂದ 1 ಕಪ್ ಸಕ್ಕರೆಯ ಜಾಗಕ್ಕೆ ಮುಕ್ಕಾಲು ಕಪ್ ಸಾಕು. ಅದರಲ್ಲಿ ನೀರಿನಂಶ ಇರುವುದರಿಂದ ಪಾಕವಿಧಾನದ ಹಾಲು ಅಥವಾ ನೀರನ್ನು ಕಾಲು ಕಪ್‌ನಷ್ಟು ಕಡಿಮೆ ಮಾಡಿ, ಕಾಲು ಟೀ ಚಮಚ ಬೇಕಿಂಗ್ ಸೋಡಾ ಸೇರಿಸಿ. ಜೇನು ಬೇಗ ಕಂದುವುದರಿಂದ ಓವನ್ ಶಾಖ 10–15 ಡಿಗ್ರಿ ಇಳಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ ಏನನ್ನೂ ಕೊಡಬೇಡಿ, ಬೇಯಿಸಿದ್ದನ್ನು ಕೂಡ. ಜೇನಿನಲ್ಲಿ ಇರಬಹುದಾದ, ಬೊಟುಲಿಸಂ ಎಂಬ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಮನೆಯ ಓವನ್ ಶಾಖಕ್ಕೆ ಸಾಯುವುದಿಲ್ಲ.

ಪ್ರಶ್ನೆ: ಖರ್ಜೂರ, ಬಾದಾಮಿ ಸೇರಿಸಿ ಉಂಡೆ ಕಟ್ಟುತ್ತೇನೆ, ಒಂದು ಹರಳು ಸಕ್ಕರೆಯೂ ಹಾಕುವುದಿಲ್ಲ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಅವರು ಎಷ್ಟು ಬೇಕಾದರೂ ತಿನ್ನಬಹುದೇ?

ಉತ್ತರ: ಬೇಡ. ಲೆಕ್ಕ ಹಾಕಿ ನೋಡೋಣ. ಬೀಜ ತೆಗೆದ ಖರ್ಜೂರ 200 ಗ್ರಾಂ, ಬಾದಾಮಿ 100, ಅಕ್ರೂಟ್ 100, ಕೋಕೋ ಪುಡಿ 20 ಗ್ರಾಂ, ಚಿಟಿಕೆ ಉಪ್ಪು. ಒಟ್ಟು 420 ಗ್ರಾಂ, ತಲಾ 20 ಗ್ರಾಂನಂತೆ 21 ಉಂಡೆ. ಖರ್ಜೂರದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ ಇರುತ್ತದೆ. ಹಾಗಾಗಿ ಪ್ರತಿ ಉಂಡೆಗೆ 6 ಗ್ರಾಂ ಸಕ್ಕರೆ, 85–90 ಕ್ಯಾಲೊರಿ ಬೀಳುತ್ತದೆ. ಒಂದು ಉಂಡೆ ತಿಂದರೆ ಒಂದೂವರೆ ಟೀ ಚಮಚ ಸಕ್ಕರೆ ತಿಂದಂತೆ. ನಾರು, ಬಾದಾಮಿ-ಅಕ್ರೂಟ್‌ಗಳ ಕೊಬ್ಬು ಜೊತೆಗಿರುವುದರಿಂದ ಬರಿ ಸಕ್ಕರೆಗಿಂತ ಇದು ಮೇಲು ಎಂಬುದು ನಿಜ. ಆದರೂ ತಂದೆಯವರಿಗೆ ಊಟದ ಜೊತೆಗೆ ಒಂದು ಸಾಕು, ಅದನ್ನೂ ವೈದ್ಯರು ಹೇಳಿರುವ ಆಹಾರದ ಲೆಕ್ಕದೊಳಗೇ ಸೇರಿಸಿ. ಖರ್ಜೂರವನ್ನು 120 ಗ್ರಾಂಗೆ ಇಳಿಸಿ, ಹುರಿದ ಎಳ್ಳು ಅಥವಾ ಕುಂಬಳ ಬೀಜ 80 ಗ್ರಾಂ ಹಾಕಿದರೆ ಒಂದು ಉಂಡೆಗೆ ಸಕ್ಕರೆ 4 ಗ್ರಾಂ ಆಸುಪಾಸಿಗೆ ಬರುತ್ತದೆ. ಉಂಡೆ ಒಡೆಯುತ್ತಿದ್ದರೆ ಮಿಶ್ರಣಕ್ಕೆ ಒಂದು ಚಮಚ ಬಿಸಿನೀರು ಚಿಮುಕಿಸಿ ಮಿಕ್ಸಿಯಲ್ಲಿ ಇನ್ನೊಂದು ಸುತ್ತು ತಿರುಗಿಸಿ. ಹೆಚ್ಚು ಹೊತ್ತು ತಿರುಗಿಸಿದರೆ ಬಾದಾಮಿ ಎಣ್ಣೆ ಬಿಟ್ಟು ಜಿಡ್ಡಾಗುತ್ತದೆ.

ಪ್ರಶ್ನೆ: ಮಕ್ಕಳ ಡಬ್ಬಿಗೆಂದು ಓಟ್ಸ್ ಬಾರ್ ಮಾಡಿದೆ. ಕತ್ತರಿಸಲು ಹೋದರೆ ಪುಡಿಪುಡಿ. ಜೇನು ಹೆಚ್ಚು ಸುರಿದರೆ ಮಾತ್ರ ಕೂಡುತ್ತದೆಯೇ?

ಉತ್ತರ: ಜೇನು ಹೆಚ್ಚಿಸದೆಯೂ ಕೂಡುತ್ತದೆ. ಈ ಅಳತೆ ನೋಡಿ: ಓಟ್ಸ್ 200 ಗ್ರಾಂ, ಸಣ್ಣಗೆ ಹೆಚ್ಚಿದ ಬಾದಾಮಿ ಅಥವಾ ಕಡಲೆಬೀಜ 80, ಕುಂಬಳ ಇಲ್ಲವೇ ಸೂರ್ಯಕಾಂತಿ ಬೀಜ 40, ಖರ್ಜೂರ 150, ಪೀನಟ್ ಬಟರ್ 100, ಜೇನು 60 ಗ್ರಾಂ. 20 ಸೆಂಟಿಮೀಟರ್ ಚೌಕದ ಒಂದು ಟ್ರೇಗೆ ಸರಿಹೋಗುತ್ತದೆ, 16 ತುಂಡು ಬರುತ್ತದೆ. ಜೇನಿನಿಂದ ಬರುವ ಸಕ್ಕರೆ ತುಂಡಿಗೆ 3 ಗ್ರಾಂ ಮಾತ್ರ.

ಓಟ್ಸನ್ನು 160 ಡಿಗ್ರಿಯಲ್ಲಿ 12–15 ನಿಮಿಷ, ನಡುವೆ ಒಮ್ಮೆ ಕೈಯಾಡಿಸಿ ಹುರಿಯಿರಿ. ಹಸಿ ಓಟ್ಸ್ ಬಳಸಿದರೆ ಬಾರ್ ಹಿಟ್ಟುಹಿಟ್ಟಾಗಿರುತ್ತದೆ. ಹುರಿದದ್ದರಲ್ಲಿ 50 ಗ್ರಾಂ ತೆಗೆದು ಪುಡಿ ಮಾಡಿ. ದೊಡ್ಡ ಚೂರುಗಳ ನಡುವಿನ ಸಂದು ತುಂಬುವುದು ಈ ಪುಡಿಯೇ, ಇದನ್ನು ಬಿಡುವುದರಿಂದಲೇ ಹೆಚ್ಚಿನ ಬಾರ್‌ಗಳು ಉದುರುತ್ತವೆ. ಖರ್ಜೂರವನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ, ನೀರು ಬಸಿದು, ಪೀನಟ್ ಬಟರ್ ಮತ್ತು ಜೇನಿನ ಜೊತೆ ನುಣ್ಣಗೆ ಅರೆಯಿರಿ. ಇದು ಉಗುರುಬೆಚ್ಚಗೆ ಇರುವಾಗಲೇ ಉಳಿದೆಲ್ಲ ಸೇರಿಸಿ ಕಲಸಬೇಕು, ತಣ್ಣಗಾದರೆ ಎಲ್ಲಕ್ಕೂ ಸಮನಾಗಿ ಹತ್ತುವುದಿಲ್ಲ.

ಬಟರ್ ಪೇಪರ್ ಹಾಸಿದ ಟ್ರೇಗೆ ಸುರಿದು, ಚಪ್ಪಟೆ ತಳದ ಲೋಟದಿಂದ ಮೈಭಾರ ಹಾಕಿ ಒತ್ತಿ. ಮೂಲೆಗಳನ್ನು ಮರೆಯಬೇಡಿ, ಒಡೆಯುವುದು ಅಲ್ಲಿಂದಲೇ. 160 ಡಿಗ್ರಿಯಲ್ಲಿ 20–25 ನಿಮಿಷ ಬೇಯಿಸಿ. ಹೊರಬಂದಾಗ ಮೆತ್ತಗಿರುತ್ತದೆ, ಹೆದರಬೇಡಿ. ಟ್ರೇಯಲ್ಲೇ ಒಂದು ಗಂಟೆ ಆರಲು ಬಿಟ್ಟು, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಉದ್ದನೆ ಚಾಕುವನ್ನು ಎಳೆಯದೆ ನೇರವಾಗಿ ಒತ್ತಿ ಕತ್ತರಿಸಿ. ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಚೆನ್ನಾಗಿರುತ್ತದೆ.

ಪ್ರಶ್ನೆ: ಗೋಧಿ ಹಿಟ್ಟಿನ ಕುಕ್ಕಿ ಕಲ್ಲಿನಂತೆ ಗಟ್ಟಿ, ಸ್ವಲ್ಪ ಕಹಿ ಬೇರೆ.

ಉತ್ತರ: ಕಹಿಗೆ ಹಳೇ ಹಿಟ್ಟು ಕಾರಣವಿರಬಹುದು. ಇಡೀ ಗೋಧಿಯ ಮೊಳಕೆ ಭಾಗದಲ್ಲಿ ಎಣ್ಣೆಯಂಶ ಇರುವುದರಿಂದ ಅದು ಮೈದಾಕ್ಕಿಂತ ಬೇಗ ಕಮಟುತ್ತದೆ. ಕಲಸುವ ಮೊದಲು ಮೂಸಿ ನೋಡಿ. ಗಟ್ಟಿಯಾಗುವುದು ತವುಡಿನಿಂದ: ಅದು ನಿಧಾನವಾಗಿ ನೀರು ಹೀರುತ್ತಲೇ ಇರುತ್ತದೆ. ಮೊದಲ ಸಲ ಮೈದಾದ ಅರ್ಧ ಭಾಗವನ್ನು ಮಾತ್ರ ಬದಲಿಸಿ, ಪ್ರತಿ 100 ಗ್ರಾಂ ಗೋಧಿ ಹಿಟ್ಟಿಗೆ 1–2 ದೊಡ್ಡ ಚಮಚ ಹಾಲು ಹೆಚ್ಚಿಗೆ ಹಾಕಿ, ಕಲಸಿದ ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಡಿ. ಹಿಟ್ಟು ಬಿದ್ದ ಮೇಲೆ ನಾದಬಾರದು, ಒಗ್ಗೂಡಿದರೆ ಸಾಕು. ಅಂಚು ಕೆಂಪಾಗಿ ನಡುಭಾಗ ಇನ್ನೂ ಮೆತ್ತಗಿರುವಾಗಲೇ ಹೊರಗೆ ತೆಗೆಯಿರಿ, ಆರುತ್ತಾ ಗಟ್ಟಿಯಾಗುತ್ತದೆ.

ಪ್ರಶ್ನೆ: ಕರಿದ ತಿಂಡಿ ಬಿಡೋಣವೆಂದು ಕಾಬೂಲಿ ಕಡಲೆಯನ್ನು ಓವನ್‌ನಲ್ಲಿ ಹುರಿದೆ. ಹೊರಗೆ ಕರಕಲು, ಒಳಗೆ ಮೆತ್ತಗೆ. ಆಲೂಗಡ್ಡೆ ಚಿಪ್ಸ್‌ದೂ ಇದೇ ಕತೆ.

ಉತ್ತರ: ಎರಡರಲ್ಲೂ ಕೆಡಿಸಿದ್ದು ನೀರು. ಬೆಂದ ಕಡಲೆ 250 ಗ್ರಾಂ ಬಸಿದು, ಬಟ್ಟೆಯ ಮೇಲೆ ಹರಡಿ ಒರೆಸಿ, ಅರ್ಧ ಗಂಟೆ ಗಾಳಿಗೆ ಬಿಡಿ. ಅಗಲ ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ. ಒತ್ತೊತ್ತಾಗಿ ತುಂಬಿದರೆ ಅವು ಹುರಿಯುವುದಿಲ್ಲ, ತಮ್ಮದೇ ಆವಿಯಲ್ಲಿ ಬೇಯುತ್ತವೆ. 200 ಡಿಗ್ರಿಯಲ್ಲಿ ಮೊದಲ 20 ನಿಮಿಷ ಎಣ್ಣೆಯಿಲ್ಲದೆ ಒಣಗಲಿ. ಆಮೇಲೆ ಒಂದು ದೊಡ್ಡ ಚಮಚ ಎಣ್ಣೆ, ಉಪ್ಪು ಸವರಿ, ಆಗಾಗ ಟ್ರೇ ಅಲುಗಾಡಿಸುತ್ತಾ ಇನ್ನೂ 15–20 ನಿಮಿಷ ಬಿಡಿ. ಒಂದು ಕಾಳು ತಣ್ಣಗೆ ಮಾಡಿ ಕಚ್ಚಿದಾಗ ಕಟುಂ ಎನ್ನಬೇಕು. ಓವನ್ ಆರಿಸಿ, ಬಾಗಿಲನ್ನು ಒಂದು ಬೆರಳಷ್ಟು ತೆರೆದು, ಒಳಗೇ ಆರಲು ಬಿಡಿ. ಖಾರದ ಪುಡಿ, ಜೀರಿಗೆ ಪುಡಿಗಳನ್ನು ಹೊರತೆಗೆದ ಮೇಲೆಯೇ ಬೆರೆಸಿ. ಮೊದಲೇ ಹಾಕಿದರೆ ಅವು ಸೀದು ಕಹಿಯಾಗುತ್ತವೆ, ನಿಮ್ಮ ಕರಕಲಿಗೆ ಇದೂ ಒಂದು ಕಾರಣವಿರಬಹುದು. ಬಿಸಿ ಇರುವಾಗ ಡಬ್ಬಿಗೆ ತುಂಬಿ ಮುಚ್ಚಿದರೆ ಆವಿ ನೀರಾಗಿ ಎಲ್ಲ ಮೆತ್ತಗಾಗುತ್ತದೆ. ಮಾಡಿದ ದಿನವೇ ತಿಂದರೆ ರುಚಿ ಹೆಚ್ಚು.

ಚಿಪ್ಸ್‌ಗೆ ಆಲೂಗಡ್ಡೆಯನ್ನು 2 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಪೂರ್ತಿ ಒರೆಸಿ. ಹೊರಮೈಯ ಪಿಷ್ಟ, ಸಕ್ಕರೆ ತೊಳೆದುಹೋಗುವುದರಿಂದ ಒಂದಕ್ಕೊಂದು ಅಂಟುವುದಿಲ್ಲ, ಬೇಗ ಕಪ್ಪಾಗುವುದೂ ಇಲ್ಲ. 180 ಡಿಗ್ರಿಯಲ್ಲಿ ಹೊಂಬಣ್ಣ ಬರುತ್ತಿದ್ದಂತೆ ತೆಗೆಯಿರಿ. ಪಿಷ್ಟವಿರುವ ಪದಾರ್ಥಗಳನ್ನು 120 ಡಿಗ್ರಿ ಮೀರಿ ಕಾಯಿಸಿದಾಗ ಅಕ್ರಿಲಮೈಡ್ ಎಂಬ, ಆರೋಗ್ಯಕ್ಕೆ ಹಾನಿಕರವಾಗಬಹುದಾದ ವಸ್ತು ಹುಟ್ಟುತ್ತದೆ. 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಆಹಾರದಲ್ಲಿ ಪತ್ತೆ ಮಾಡಿದರು. ಬಣ್ಣ ಕಪ್ಪಿಟ್ಟಷ್ಟೂ ಅದು ಹೆಚ್ಚು. ಎಣ್ಣೆಯಲ್ಲಿ ಕರಿಯದೆ ಓವನ್‌ನಲ್ಲಿ ಮಾಡಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಮಾಡಿದ ಪಾಪ್‌ಕಾರ್ನ್ ಗರಿಗರಿ ಇರುವುದಿಲ್ಲ, ಅರ್ಧ ಕಾಳು ಅರಳುವುದೂ ಇಲ್ಲ.

ಉತ್ತರ: ಕಾಳಿನೊಳಗಿನ ನೀರು ಆವಿಯಾಗಿ ಸಿಪ್ಪೆ ಸಿಡಿಸಿದರೆ ತಾನೇ ಅರಳು. ಅದಕ್ಕೆ ಸುಮಾರು ಶೇ. 14 ತೇವ ಬೇಕು. ತೆರೆದಿಟ್ಟ ಕಾಳು ಒಣಗಿಹೋಗಿರುತ್ತದೆ. ಬಿಗಿ ಮುಚ್ಚಳದ ಜಾರ್‌ಗೆ ಹಾಕಿ, ಒಂದು ಟೀ ಚಮಚ ನೀರು ಚಿಮುಕಿಸಿ, ಅಲುಗಾಡಿಸಿ ಎರಡು ದಿನ ಬಿಡಿ. ಒಂದು ದೊಡ್ಡ ಚಮಚ ಎಣ್ಣೆಗೆ 60 ಗ್ರಾಂ ಕಾಳು ಸಾಕು. ಮೊದಲು ಮೂರು ಕಾಳು ಹಾಕಿ, ಅವು ಸಿಡಿದ ಮೇಲೆ ಉಳಿದದ್ದು ಹಾಕಿ. ಮುಚ್ಚಳವನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಆವಿ ಹೊರಹೋಗಿ ಗರಿಗರಿಯಾಗುತ್ತದೆ. ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿಕೊಂಡರೆ ಅರ್ಧದಷ್ಟರಲ್ಲೇ ರುಚಿ ಹತ್ತುತ್ತದೆ.

ಪ್ರಶ್ನೆ: ಹಬ್ಬಕ್ಕೆ ಉಡುಗೊರೆ ಕೊಡಲು ಕಪ್ಪು ಚಾಕೊಲೇಟ್ ಕರಗಿಸಿ, ಒಣಹಣ್ಣು ಸೇರಿಸಿ ತುಂಡು ಮಾಡಿದೆ. ಮಾರನೇ ದಿನ ಮೇಲೆಲ್ಲ ಬೂದು ಬಿಳಿ. ಬೂಷ್ಟೇ?

ಉತ್ತರ: ಅಲ್ಲ, ತಿನ್ನಲು ಅಡ್ಡಿಯಿಲ್ಲ. ಕೋಕೋ ಬೆಣ್ಣೆ ಸರಿಯಾಗಿ ಹರಳುಗಟ್ಟದೆ ಮೇಲಕ್ಕೆ ಬಂದಿದೆ. 300 ಗ್ರಾಂ ಚಾಕೊಲೇಟ್ ಇದ್ದರೆ 200 ಗ್ರಾಂ ಅನ್ನು ಬಿಸಿನೀರಿನ ಆವಿಯ ಮೇಲಿಟ್ಟ ಬಟ್ಟಲಿನಲ್ಲಿ 45–50 ಡಿಗ್ರಿವರೆಗೆ ಕರಗಿಸಿ ಕೆಳಗಿಳಿಸಿ. ಸಣ್ಣಗೆ ಹೆಚ್ಚಿದ ಉಳಿದ 100 ಗ್ರಾಂ ಅನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾ 31–32 ಡಿಗ್ರಿಗೆ ತನ್ನಿ. ಆಮೇಲೆ 3–4 ಮಿಲಿಮೀಟರ್ ದಪ್ಪಕ್ಕೆ ಹರಡಿ, ಹುರಿದ ಬಾದಾಮಿ ಉದುರಿಸಿ. ಬಟ್ಟಲಿಗೆ ಒಂದು ಹನಿ ನೀರು ಬಿದ್ದರೂ ಚಾಕೊಲೇಟ್ ಮುದ್ದೆಗಟ್ಟುತ್ತದೆ. ಶೇ. 70ರ ಚಾಕೊಲೇಟ್‌ನಲ್ಲೂ 100 ಗ್ರಾಂಗೆ ಸುಮಾರು 30 ಗ್ರಾಂ ಸಕ್ಕರೆ ಇರುವುದರಿಂದ ತುಂಡುಗಳನ್ನು 15 ಗ್ರಾಂಗಿಂತ ದೊಡ್ಡದು ಮಾಡಬೇಡಿ.

ಒಳಗೆ ಬಾದಾಮಿಯಂಥ ಯಾವ ಒಣಕಾಯಿ, ಬೀಜ ಇದೆ, ಹಾಲು ಇದೆಯೇ ಎಂದು ಬರೆದು ಪೊಟ್ಟಣದ ಮೇಲೆ ಅಂಟಿಸಿ. ಅಲರ್ಜಿ ಇರುವವರಿಗೆ ಇದು ಪ್ರಾಣದ ಪ್ರಶ್ನೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಕೊಡುವುದಾದರೆ ಇಡೀ ಬಾದಾಮಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತರಿತರಿಯಾಗಿ ಪುಡಿಮಾಡಿ ಬೆರೆಸಿ.

ಪ್ರಶ್ನೆ: ಸಕ್ಕರೆ ಹಾಕದೆ ಮೊಸರು, ಹಣ್ಣಿನ ಐಸ್‌ಕ್ಯಾಂಡಿ ಮಾಡಿದರೆ ಹಲ್ಲು ಮುರಿಯುವಷ್ಟು ಗಟ್ಟಿ. ಉಪಾಯವಿದೆಯೇ?

ಉತ್ತರ: ನೀರು ಪೂರ್ತಿ ಹೆಪ್ಪುಗಟ್ಟದಂತೆ ಸಕ್ಕರೆ ತಡೆಯುತ್ತದೆ, ಅದಿಲ್ಲದಿದ್ದರೆ ದೊಡ್ಡ ಮಂಜಿನ ಹರಳಾಗುತ್ತದೆ. ಕೆನೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ 2–3 ಗಂಟೆ ನೀರು ಇಳಿಸಿ. ಅಂಥ ಮೊಸರು 300 ಗ್ರಾಂಗೆ ಕಳಿತ ಬಾಳೆಹಣ್ಣು ಎರಡು, ಬೇರೆ ಯಾವುದಾದರೂ ಮಾಗಿದ ಹಣ್ಣು 200 ಗ್ರಾಂ ಸೇರಿಸಿ ಅರೆಯಿರಿ. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ಅನ್ನಿಸುತ್ತದೆ, ಆದ್ದರಿಂದ ಅಚ್ಚಿಗೆ ಹಾಕುವ ಮೊದಲು ಮಿಶ್ರಣ ತುಸು ಹೆಚ್ಚೇ ಸಿಹಿಯಾಗಿರಲಿ. ಹಣ್ಣು ಚೆನ್ನಾಗಿ ಮಾಗಿದ್ದರೆ ಅಷ್ಟು ಸಿಹಿ ತಾನಾಗಿ ಬರುತ್ತದೆ. ತಿನ್ನುವ 5–10 ನಿಮಿಷ ಮೊದಲು ಫ್ರೀಜರ್‌ನಿಂದ ಹೊರಗಿಡಿ.