ಬಿಸಿಲಿನ ರೂಢಿ ಇದ್ದವರಿಗೆ ಅರ್ಧ ದೂರದ ಟ್ರಯಥ್ಲಾನ್ ಸುಲಭವೇ?

ನೀವು ರಾಯಚೂರಿನವರು, ವಯಸ್ಸು 35, ಎರಡು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೀರಿ, ಬಾವಿಯಲ್ಲಿ ಕಲಿತ ಈಜು ಬರುತ್ತದೆ ಎಂದು ಬರೆದಿದ್ದೀರಿ. ಗೋವಾದಲ್ಲಿ ನಡೆಯುವ, ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ಅರ್ಧ ದೂರದ ಟ್ರಯಥ್ಲಾನ್‌ಗೆ ಮೊದಲ ಬಾರಿಗೆ ಇಳಿದರೆ ಅನುಭವ ಹೇಗಿರುತ್ತದೆ, ಬಿಸಿಲು ನಮ್ಮ ಭಾಗದವರಿಗೆ ರೂಢಿಯಾಗಿರುವುದರಿಂದ ಅದು ಅನುಕೂಲವಾಗುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನಾನು ಕೊಪ್ಪಳದವಳು, ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನನ್ನ 39ನೆಯ ವಯಸ್ಸಿನಲ್ಲಿ ಅದೇ ಸ್ಪರ್ಧೆಯನ್ನು 8 ಗಂಟೆ 11 ನಿಮಿಷಗಳಲ್ಲಿ ಮುಗಿಸಿದೆ. ಬಿಸಿಲಿನ ವಿಷಯದಲ್ಲಿ ನಿಮಗಿರುವ ನಂಬಿಕೆಯೇ ನನಗೂ ಇತ್ತು, ಮತ್ತು ಆ ದಿನ ನಾನು ಪಟ್ಟ ಕಷ್ಟದ ಬಹುಪಾಲು ಆ ನಂಬಿಕೆಯಿಂದಲೇ ಬಂದದ್ದು. ಆದ್ದರಿಂದ ಆ ಮಾತಿಗೆ ಹೆಚ್ಚು ಜಾಗ ಕೊಟ್ಟು, ಉಳಿದದ್ದನ್ನು ಅಗತ್ಯವಿದ್ದಷ್ಟೇ ಹೇಳುತ್ತೇನೆ.

ದೂರ ನಿಮಗೆ ಗೊತ್ತೇ ಇದೆ: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಮೂರೂ ಸೇರಿ 70.3 ಮೈಲಿ ಆಗುವುದರಿಂದಲೇ ಐರನ್‌ಮ್ಯಾನ್ 70.3 ಎಂಬ ಹೆಸರು ಬಂದಿದೆ. ಗೋವಾದಲ್ಲಿ ಇದು ಮೊದಲು ನಡೆದದ್ದು 2019ರಲ್ಲಿ, ಪಣಜಿಯ ಮೀರಾಮಾರ್ ಕಡಲತೀರದಲ್ಲಿ. ಇಂಥ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಸುವ ಹೊತ್ತಿಗೆ ಒಟ್ಟು ಐದೂವರೆ ಗಂಟೆ, ಎಲ್ಲವನ್ನೂ ಮುಗಿಸಲು ಎಂಟೂವರೆ ಗಂಟೆಯ ಗಡುವು ಇರುತ್ತದೆ. ಇವುಗಳಲ್ಲಿ ಹೊಸಬರನ್ನು ಹೆಚ್ಚು ಹೆದರಿಸುವುದು ಮೊದಲನೆಯ ಗಡುವು.

ನಾನೂ ನಿಮ್ಮಂತೆ ಬಾವಿಯಲ್ಲಿಯೇ, ಸೊಂಟಕ್ಕೆ ಬೆಂಡು ಕಟ್ಟಿಸಿಕೊಂಡು ಈಜು ಕಲಿತವಳು. ಬಾವಿಯ ಈಜು ಆಳದ ಹೆದರಿಕೆಯನ್ನು ಕಳೆಯುತ್ತದೆ, ಅದು ದೊಡ್ಡ ಆಸ್ತಿ. ಆದರೆ ಅಲ್ಲಿ ನಾವು ತಲೆ ಮೇಲೆತ್ತಿಕೊಂಡು ಈಜುತ್ತೇವೆ. ತಲೆ ಮೇಲೆ ಹೋದಷ್ಟೂ ಕಾಲು ಕೆಳಗಿಳಿದು, ನೀರನ್ನು ತಳ್ಳುವ ಬದಲು ನೀರಿನ ಜೊತೆ ಗುದ್ದಾಡಿದಂತಾಗುತ್ತದೆ. ಮುಖವನ್ನು ನೀರಿನೊಳಗಿಟ್ಟು, ಪಕ್ಕಕ್ಕೆ ತಿರುಗಿ ಉಸಿರೆಳೆದು, ನೀರಿನೊಳಗೆ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. 25 ಮೀಟರ್ ಉದ್ದದ ಕೊಳದಲ್ಲಿ 1900 ಮೀಟರ್ ಎಂದರೆ 76 ಉದ್ದಗಳು. ಹೆಂಗಸರಿಗೆ ಮೀಸಲಾದ ಒಂದೇ ಗಂಟೆಯಲ್ಲಿ ಅದನ್ನು ಮುಗಿಸಲು ಸಾಧ್ಯವಾದ ದಿನ ನಾನು ಸ್ಪರ್ಧೆಯ ಶುಲ್ಕ ಕಟ್ಟಿದೆ. ಅದಕ್ಕಿಂತ ಮೊದಲು ಕಟ್ಟಬೇಡಿ ಎಂಬುದು ನಿಮಗೂ ನನ್ನ ಮನವಿ.

ಕೊಳ ದೂರವಿದೆಯೆಂದು ಕೃಷ್ಣೆಗೋ ತುಂಗಭದ್ರೆಗೋ ಇಳಿದು ಅಭ್ಯಾಸ ಮಾಡುವ ಯೋಚನೆಯನ್ನು ದಯವಿಟ್ಟು ಮಾಡಬೇಡಿ. ನಿಮ್ಮ ಕಡೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಎಡದಂಡೆ ಕಾಲುವೆ ನೋಡಲು ಈಜುಕೊಳದಂತೆಯೇ ನೇರವಾಗಿ, ಸಮವಾಗಿ ಕಾಣುತ್ತದೆ. ಆದರೆ ಅದರ ಸೆಳೆತ ಮೇಲಿನಿಂದ ತಿಳಿಯುವುದಿಲ್ಲ, ಇಳಿಜಾರಾದ ಗೋಡೆಗೆ ಪಾಚಿ ಕಟ್ಟಿರುವುದರಿಂದ ಒಳ್ಳೆಯ ಈಜುಗಾರನಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ನಾನು ಕೊಳದ ಜೊತೆಗೆ ಅಣ್ಣನ ತೋಟದ ದೊಡ್ಡ ಬಾವಿಯಲ್ಲಿ, ಅಣ್ಣ ಮೇಲೆ ಹಗ್ಗ ಹಿಡಿದು ನಿಂತಿದ್ದಾಗ ಮಾತ್ರ ಈಜುತ್ತಿದ್ದೆ. ತಳ ಕಾಣದ ನೀರಿನಲ್ಲಿ ಮುಖವಿಟ್ಟು ಈಜುವ ಧೈರ್ಯ ಅಲ್ಲಿ ಬಂತು. ಸಮುದ್ರದ ಅಭ್ಯಾಸಕ್ಕೆ ಮಾತ್ರ ಸಮುದ್ರವೇ ಬೇಕು. ಸ್ಪರ್ಧೆಗೆ ನಾಲ್ಕು ದಿನ ಮೊದಲೇ ಗೋವಾಕ್ಕೆ ಹೋಗಿ, ಮೂರು ಬೆಳಿಗ್ಗೆ ಇತರ ಸ್ಪರ್ಧಿಗಳ ಗುಂಪಿನೊಂದಿಗೆ ನೀರಿಗಿಳಿದೆ. ಆ ಮೂರು ದಿನ ಇಲ್ಲದಿದ್ದರೆ ನಾನು ಈಜು ಮುಗಿಸುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಬಲ್ಲೆ. ಅಲ್ಲಿ ನೀರು ಬೆಚ್ಚಗಿರುವುದರಿಂದ ತೇಲಲು ನೆರವಾಗುವ ವೆಟ್‌ಸೂಟ್ ಧರಿಸಲು ಅವಕಾಶವಿರುವುದಿಲ್ಲ. ಉಪ್ಪುನೀರು ಮಾತ್ರ ನಮ್ಮನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ.

ಸ್ಪರ್ಧೆಯ ಬೆಳಿಗ್ಗೆ ಎಲ್ಲರನ್ನೂ ಒಟ್ಟಿಗೆ ಬಿಡದೆ, ನಿರೀಕ್ಷಿತ ವೇಗಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿ ಕೆಲವೇ ಜನರನ್ನು ಒಮ್ಮೆಗೆ ಬಿಡುತ್ತಾರೆ. ಸಂಕೋಚಪಡದೆ ಹಿಂದಿನ ಸಾಲಿನಲ್ಲಿ ನಿಲ್ಲಿ. ನಾನು ಹಾಗೆ ನಿಂತಿದ್ದರೂ ಮೊದಲ 200 ಮೀಟರ್‌ನಲ್ಲಿ ಯಾರದೋ ಹಿಮ್ಮಡಿ ತಾಗಿ ಗಾಗಲ್ಸ್ ಒಂದು ಕಣ್ಣಿನಿಂದ ಸರಿಯಿತು, ಉಪ್ಪುನೀರು ಗಂಟಲಿಗಿಳಿದು ಎದೆ ಬಿಗಿಯಿತು. ಆಗ ಬೆನ್ನಿನ ಮೇಲೆ ತಿರುಗಿ ಆಕಾಶ ನೋಡುತ್ತ ಇಪ್ಪತ್ತು ಉಸಿರು ಎಣಿಸಿದೆ. ಕಾವಲಿನ ಕಯಾಕ್ ದೋಣಿಯನ್ನು ಹಿಡಿದು ದಣಿವಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ದೋಣಿ ನಮ್ಮನ್ನು ಮುಂದಕ್ಕೆ ಒಯ್ಯಬಾರದು ಅಷ್ಟೆ. ಇದು ಗೊತ್ತಿದ್ದರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಹತ್ತು ಹನ್ನೆರಡು ಬೀಸಿಗೊಮ್ಮೆ ಕಣ್ಣನ್ನಷ್ಟೇ ನೀರಿನ ಮೇಲೆತ್ತಿ ದಿಕ್ಕು ನೋಡುವುದನ್ನು ರೂಢಿಸಿಕೊಳ್ಳಿ, ಏಕೆಂದರೆ ಸಮುದ್ರದಲ್ಲಿ ಕೊಳದ ತಳದ ಕಪ್ಪು ಗೆರೆ ಇರುವುದಿಲ್ಲ. 58 ನಿಮಿಷಗಳಲ್ಲಿ ನಾನು ಮರಳಿನ ಮೇಲಿದ್ದೆ.

ಬಟ್ಟೆ, ಬೂಟು, ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹಿಡಿಯಲು ನನಗೆ 9 ನಿಮಿಷ ಬೇಕಾಯಿತು. ಹೆಲ್ಮೆಟ್‌ನ ಬಕಲ್ ಹಾಕಿದ ನಂತರವೇ ಸೈಕಲ್ ಮುಟ್ಟಬೇಕೆಂಬುದನ್ನು ಮರೆಯಬೇಡಿ.

ಸೈಕಲ್‌ನಲ್ಲಿ ನನಗೆ ಬಹಳ ಭರವಸೆ ಇತ್ತು. ಪ್ರತಿ ಭಾನುವಾರ ಕೊಪ್ಪಳದಿಂದ ಗದಗ ರಸ್ತೆ ಹಿಡಿದು ಲಕ್ಕುಂಡಿಯವರೆಗೆ ಹೋಗಿ ಬರುತ್ತಿದ್ದೆ. ಹೋಗಿ ಬಂದರೆ ಹೆಚ್ಚುಕಡಿಮೆ 90 ಕಿಲೋಮೀಟರ್. ಆಷಾಢದಲ್ಲಿ ಪಡುವಣ ಗಾಳಿ ಎದೆಗೆ ಬಡಿಯುವಾಗ ಹೋಗುವ ಹಾದಿಯಲ್ಲಿ ಗಂಟೆಗೆ 18 ಕಿಲೋಮೀಟರ್ ತಲುಪುವುದೂ ಕಷ್ಟ, ಆದರೆ ಆ ಗಾಳಿ ತಾಳ್ಮೆ ಕಲಿಸಿತ್ತು. ಗೋವಾದಲ್ಲಿ ಆ ತಾಳ್ಮೆಯನ್ನು ಮೊದಲ ಅರ್ಧ ಗಂಟೆಯಲ್ಲಿಯೇ ಬಿಟ್ಟುಕೊಟ್ಟೆ. ಈಜು ಮುಗಿಯಿತೆಂಬ ಸಂತೋಷಕ್ಕೆ, ವಾಹನಗಳಿಲ್ಲದ ರಸ್ತೆಗೆ, ಪಕ್ಕದಲ್ಲಿ ಹಾದುಹೋಗುವವರ ವೇಗಕ್ಕೆ ಮನಸೋತು ಮೊದಲ 30 ಕಿಲೋಮೀಟರ್ ಅನ್ನು ಗಂಟೆಗೆ 27ರ ವೇಗದಲ್ಲಿ ತುಳಿದೆ. ಅಭ್ಯಾಸದಲ್ಲಿ ಎಂದೂ ಆ ವೇಗದಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಸೆಕೆ ಅಂಥದ್ದೇನೂ ಅನ್ನಿಸಲಿಲ್ಲ. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಿಂದ ಬಂದವಳಿಗೆ 32 ಡಿಗ್ರಿ ಏನು ಮಾಡೀತು ಎಂದುಕೊಂಡಿದ್ದೆ.

ಇಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ದೇಹವನ್ನು ತಂಪಾಗಿಡುವುದು ಬೆವರಲ್ಲ, ಬೆವರು ಆವಿಯಾಗುವ ಕ್ರಿಯೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖವನ್ನು ಚರ್ಮದಿಂದ ಎತ್ತಿಕೊಂಡು ಹೋಗುತ್ತದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಬೇಸಿಗೆಯ ಗಾಳಿ ಒಣಗಾಳಿ. ಬೆವರು ಹುಟ್ಟಿದಷ್ಟೇ ಬೇಗ ಆರುತ್ತದೆ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಕರಾವಳಿಯ ಗಾಳಿಯಲ್ಲಿ ಈಗಾಗಲೇ ನೀರಾವಿ ತುಂಬಿರುವುದರಿಂದ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ನೀರೂ ಉಪ್ಪೂ ನಷ್ಟವಾಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಬಿಸಿಲಿಗೆ ಒಗ್ಗಿದ ದೇಹಕ್ಕೆ ನಿಜವಾದ ಅನುಕೂಲಗಳಿವೆ: ರಕ್ತದಲ್ಲಿನ ದ್ರವದ ಪ್ರಮಾಣ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಹೇರಳವಾಗಿ ಬರುತ್ತದೆ. ಆದರೆ ಹೇರಳವಾಗಿ ಬೆವರುವ ಆ ಗುಣವೇ ತೇವದ ಗಾಳಿಯಲ್ಲಿ ನೀರಿನ ಖರ್ಚನ್ನು ಏರಿಸುತ್ತದೆ. ಸೈಕಲ್ ಮೇಲೆ ಗಾಳಿ ಬೀಸುವುದರಿಂದ ಇದು ಗೊತ್ತಾಗುವುದಿಲ್ಲ. ಇಳಿದು ಓಡಲು ಶುರುಮಾಡಿದ ಕೂಡಲೇ ಒಲೆಯ ಮುಂದೆ ನಿಂತಂತಾಗುತ್ತದೆ.

50ನೆಯ ಕಿಲೋಮೀಟರ್ ಹೊತ್ತಿಗೆ ಶಕ್ತಿಗಾಗಿ ನುಂಗುವ ಸಿಹಿ ಜೆಲ್ ಪೊಟ್ಟಣ ಬಾಯಿಗೆ ಇಟ್ಟರೆ ವಾಕರಿಕೆ ಬರತೊಡಗಿತು. ರಕ್ತವನ್ನು ಕಾಲಿನ ಸ್ನಾಯು ಕೇಳುತ್ತದೆ, ತಂಪಿಗಾಗಿ ಚರ್ಮವೂ ಕೇಳುತ್ತದೆ. ಹೊಟ್ಟೆಯ ಪಾಲು ಕಡಿಮೆಯಾಗಿ, ನುಂಗಿದ್ದು ಅಲ್ಲಿಯೇ ಕೂರುತ್ತದೆ. ಗಂಟೆಗೆ 60 ಗ್ರಾಂ ಶರ್ಕರ ತಿನ್ನಬೇಕೆಂದು ಲೆಕ್ಕ ಹಾಕಿಕೊಂಡಿದ್ದೆ, ಆದರೆ ಕೊನೆಯ 40 ಕಿಲೋಮೀಟರ್‌ನಲ್ಲಿ ಏನನ್ನೂ ತಿನ್ನದೆ ಬರೀ ನೀರು ಕುಡಿದೆ. ಇದು ವೇಗದ ತಪ್ಪಿಗಿಂತ ದೊಡ್ಡ ತಪ್ಪು. ಬೆವರಿನಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಕೆಲವರಲ್ಲಿ ಇದಕ್ಕಿಂತ ಬಹಳ ಹೆಚ್ಚು. ಗಂಟೆಗಟ್ಟಲೆ ಬೆವರುತ್ತ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ತಿಳಿಯಾಗುತ್ತದೆ, ಅತಿಯಾದರೆ ಅದು ಪ್ರಾಣಕ್ಕೂ ಅಪಾಯ. ವಿದ್ಯಾರ್ಥಿಗಳಿಗೆ ವರ್ಷವರ್ಷ ಪರಾಸರಣ (ಉಪ್ಪು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಪೊರೆಯ ಮೂಲಕ ನೀರು ಸರಿಯುವುದು) ಕಲಿಸುವ ನಾನು ಅದನ್ನು ನನ್ನ ಬಾಟಲಿಗೆ ಅನ್ವಯಿಸಲಿಲ್ಲ ಎಂಬುದು ಇಂದಿಗೂ ನನಗೆ ನೋವಿನ ಸಂಗತಿ.

3 ಗಂಟೆ 52 ನಿಮಿಷಗಳಿಗೆ ಸೈಕಲ್ ಮುಗಿದು, ಬೂಟು ಬದಲಿಸಲು 7 ನಿಮಿಷವಾಗಿ, ಓಟಕ್ಕೆ ಹೊರಟಾಗ ಹತ್ತಿರ ಹತ್ತಿರ ಮೂರೂವರೆ ಗಂಟೆ ಕೈಯಲ್ಲಿತ್ತು. ಊರಿನಲ್ಲಿ ಇದೇ ದೂರವನ್ನು 2 ಗಂಟೆ 20 ನಿಮಿಷಗಳಲ್ಲಿ ಓಡಿದ್ದೆ. ನಾಲ್ಕನೆಯ ಕಿಲೋಮೀಟರ್‌ನಲ್ಲಿ ರಸ್ತೆಯ ಪಕ್ಕ ಕುಳಿತು ವಾಂತಿ ಮಾಡಿಕೊಂಡೆ. ತಲೆ ಸುತ್ತುತ್ತಿರಲಿಲ್ಲ, ಮಾತು ತಡವರಿಸುತ್ತಿರಲಿಲ್ಲ, ಚಳಿ ಹತ್ತಿರಲಿಲ್ಲ. ಅವುಗಳಲ್ಲಿ ಒಂದಿದ್ದರೂ ಅಲ್ಲಿಯೇ ನಿಲ್ಲುತ್ತಿದ್ದೆ, ನೀವೂ ನಿಲ್ಲಬೇಕು. ನಂತರದ ಐದು ಕಿಲೋಮೀಟರ್ ಬರೀ ನಡೆದೆ. ನೀರಿನ ಮೇಜು ಬಂದಾಗಲೆಲ್ಲ ಟೋಪಿಯೊಳಗೆ ಮಂಜುಗಡ್ಡೆ ತುಂಬಿಕೊಂಡು, ಉಪ್ಪು ಸಕ್ಕರೆ ಇರುವ ಪಾನೀಯವನ್ನು ಒಂದೊಂದೇ ಗುಟುಕಾಗಿ ಕುಡಿದು, ಅರ್ಧ ಬಾಳೆಹಣ್ಣನ್ನು ಬಾಯಲ್ಲೇ ಕರಗಿಸಿಕೊಂಡೆ. ಒಂಬತ್ತನೆಯ ಕಿಲೋಮೀಟರ್ ದಾಟಿದ ಮೇಲೆ ಹೊಟ್ಟೆ ಮತ್ತೆ ಕೆಲಸ ಶುರುಮಾಡಿದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಅಲ್ಲಿಂದ ಮುಂದೆ ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಟಕ್ಕೆ 3 ಗಂಟೆ 5 ನಿಮಿಷ ಹಿಡಿಯಿತು, ಗಡುವಿಗೆ 19 ನಿಮಿಷ ಉಳಿದಿತ್ತು. ಕೊನೆಯ ಸುತ್ತಿನಲ್ಲಿ ನನ್ನ ಜೊತೆ ನಡೆಯುತ್ತಿದ್ದ ಅಪರಿಚಿತ ಹಿರಿಯರೊಬ್ಬರು ನನ್ನ ಎದೆಯ ಮೇಲಿನ ಹೆಸರು ಓದಿ, ಅಚ್ಚ ಧಾರವಾಡದ ಕನ್ನಡದಲ್ಲಿ, ಇನ್ನೇನು ಬಂತು ನಡೀವಾ ತಂಗಿ ಎಂದರು. ಆ ಮಾತು ಕೇಳಿ ನನಗೆ ಅಳು ಬಂತು, ಕಾಲುಗಳೂ ಚುರುಕಾದವು.

ಮುಂದಿನ ಬಾರಿಗೆ ನಾನು ಬದಲಿಸಿಕೊಂಡದ್ದನ್ನೇ ನಿಮಗೂ ಹೇಳುತ್ತೇನೆ. ಸ್ಪರ್ಧೆಗೆ ಮೊದಲಿನ ಎರಡು ವಾರ ದಿನ ಬಿಟ್ಟು ದಿನ, ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬರುವ ಟ್ರೈನರ್ ಎಂಬ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿ ಮುಕ್ಕಾಲು ಗಂಟೆ ನಿಧಾನವಾಗಿ ತುಳಿಯುತ್ತೇನೆ; ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಮಾತ್ರ. ತುಳಿಯುವ ಮೊದಲು ಮತ್ತು ನಂತರ ತೂಕ ನೋಡುತ್ತೇನೆ: ಕುಡಿದ ನೀರನ್ನು ಲೆಕ್ಕಕ್ಕೆ ಸೇರಿಸಿದರೆ, ಇಳಿದ ಪ್ರತಿ ಕಿಲೋಗೆ ಒಂದು ಲೀಟರ್ ಬೆವರು ಹೋಗಿದೆಯೆಂದು ಅರ್ಥ. ಔಷಧದ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿನಲ್ಲಿ ಕಲಸಿದರೆ ಸುಮಾರು 1.7 ಗ್ರಾಂ ಸೋಡಿಯಂ ಸಿಗುತ್ತದೆ, ಆದರೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದು ಉಪ್ಪಿಗೆ ಸಾಕು, ಶಕ್ತಿಗೆ ಸಾಲದು. ಆದ್ದರಿಂದ ನಾನು ಒಂದು ಬಾಟಲಿಯಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ನೀರು ಇಟ್ಟುಕೊಂಡು, ಜೆಲ್ ಜೊತೆಗೆ ಬಾಳೆಹಣ್ಣು, ಖರ್ಜೂರ ತಿನ್ನುತ್ತೇನೆ, ಮತ್ತು ಇದನ್ನೆಲ್ಲ ಲಕ್ಕುಂಡಿ ರಸ್ತೆಯಲ್ಲಿ ತಿಂದು ನೋಡಿದ್ದೇನೆ. ನಮ್ಮ ಶೇಂಗಾ ಉಂಡೆ ರುಚಿಯಲ್ಲಿ ಇವೆಲ್ಲಕ್ಕಿಂತ ಮೇಲು, ಆದರೆ ಎಣ್ಣೆಯಂಶ ಹೆಚ್ಚಿರುವುದರಿಂದ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಸ್ಪರ್ಧೆಗೆ ಎರಡು ದಿನ ಮೊದಲಿನಿಂದ ಜೋಳದ ರೊಟ್ಟಿ, ಕಾಳುಪಲ್ಯ ಬಿಟ್ಟು ಅನ್ನ, ಮೊಸರು, ಇಡ್ಲಿಗೆ ಬರುತ್ತೇನೆ. ನಾರಿನಂಶ ಕಡಿಮೆಯಿದ್ದಷ್ಟೂ ಆ ದಿನ ಹೊಟ್ಟೆ ಹಗುರ.

ಸೈಕಲ್‌ನಲ್ಲಿ ಮೊದಲ 30 ಕಿಲೋಮೀಟರ್‌ವರೆಗೆ ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿರಬೇಕು, ಅದೇ ನನ್ನ ಈಗಿನ ಅಳತೆ. ಮುಂದಿನವರ ಸೈಕಲ್ಲಿನಿಂದ 12 ಮೀಟರ್ ಅಂತರ ಕಾಯ್ದುಕೊಳ್ಳಿ, ಹತ್ತಿರ ಸರಿದು ಗಾಳಿಯ ಮರೆ ಪಡೆದರೆ ದಂಡದ ಸಮಯ ಬೀಳುತ್ತದೆ. ಗುಂಪಿನಲ್ಲಿ ತುಳಿದು ರೂಢಿಯಾದವರು ಇದನ್ನು ಮರೆಯುವುದು ಸಹಜ.

ನಿಮ್ಮ ಎರಡು ವರ್ಷದ ಸೈಕಲ್ ಅಭ್ಯಾಸಕ್ಕೆ ಹತ್ತು ತಿಂಗಳು ಈಜು ಮತ್ತು ಓಟ ಸೇರಿಸಿದರೆ ಇದು ಖಂಡಿತ ನಿಮ್ಮಿಂದ ಆಗುವ ಕೆಲಸ. ಮೊದಲು ವೈದ್ಯರಲ್ಲಿ ಹೃದಯ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಸಿ. ಆಮೇಲೆ ಮುಖ ನೀರಿನೊಳಗಿಟ್ಟು, ನಿಲ್ಲದೆ 400 ಮೀಟರ್ ಈಜಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ ಇಲ್ಲಿ ಬರೆಯಿರಿ. 14 ನಿಮಿಷದೊಳಗೆ ಬಂದರೆ ಗಡುವು ನಿಮ್ಮ ಕೈಯಲ್ಲಿದೆ. ಬರದಿದ್ದರೆ ಶುರುಮಾಡಬೇಕಾದ್ದು ಕೊಳದಿಂದ, ಮತ್ತು ಅದಕ್ಕೆ ಬೇಕಾದ ವಾರದ ಅಭ್ಯಾಸಕ್ರಮವನ್ನು ನಾನು ವಿವರವಾಗಿ ಬರೆದುಕೊಡುತ್ತೇನೆ.