ನಿದ್ದೆ ಕೆಡಿಸಿಕೊಂಡು ಓದಬೇಡ, ತಮ್ಮಾ

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ. ಊರು ಗದಗ. ಪಿಡಿಓ ಪರೀಕ್ಷೆಗೆ ಓದಲು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿದ್ದೇನೆ. ಹೋದ ವರ್ಷ ವಾರಗಟ್ಟಲೆ ನಿದ್ದೆಯಿಲ್ಲದೆ ತಿರುಗಿದೆ. ಸಾಲ ಮಾಡಿ ಕಂಡಕಂಡವರಿಗೆ ಮೊಬೈಲ್ ಕೊಡಿಸಿದೆ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ಬೈಪೋಲಾರ್ ಅಂದರು, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ಕುಸಿಯುವ ಕಾಯಿಲೆ. ಲಿಥಿಯಂ ಗುಳಿಗೆ ಶುರುವಾದ ಮೇಲೆ ಆರಾಮಿದ್ದೇನೆ. ಅಪ್ಪ 'ಆರಾಮ ಆಗೇತಲ್ಲ, ಇನ್ನೆಷ್ಟು ದಿನ ಗುಳಿಗಿ?' ಅಂತಾರೆ. ರೂಮಿನವರು ರಾತ್ರಿ ಎರಡರವರೆಗೆ ಓದುತ್ತಾರೆ. ನಾನು ಹಿಂದೆ ಬೀಳುತ್ತೇನಾ?

ಉತ್ತರ: ತಮ್ಮಾ, ನನಗೂ ಇದೇ ಕಾಯಿಲೆ. ಬಿ.ಎಡ್. ಓದುವಾಗ ಶುರುವಾಯಿತು. ಈಗ ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಮನೆಯಿದೆ, ಮಗಳಿದ್ದಾಳೆ, ರಾತ್ರಿ ಊಟದ ಮೇಲೆ ಗುಳಿಗೆಯೂ ಇದೆ.

ಮೊದಲು ನಿದ್ದೆ ಮಾತು. ರೂಮಿನವರು ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನ ಕ್ಲಾಸಿನಲ್ಲಿ ತೂಕಡಿಸುತ್ತಾರೆ, ಅಷ್ಟೇ. ನಮಗೆ ಹಾಗಲ್ಲ. ನಿದ್ದೆ ಕೆಟ್ಟರೆ ಅಲ್ಲಿಂದಲೇ ಕಾಯಿಲೆ ಮತ್ತೆ ಏಳಬಹುದು. ಅದು ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಎರಡು ತಾಸು ಮಲಗಿದರೂ ಮೈ ಹುರುಪು, ಓದಿದ್ದೆಲ್ಲ ತಲೆಗೆ ಹತ್ತಿದ ಹಾಗೆ. ಆಗಲೇ ಎಚ್ಚರಾಗಬೇಕು. ಅದಕ್ಕೆ ಹತ್ತೂವರೆಗೆ ಮಲಗು, ನಸುಕಿನಲ್ಲಿ ಎದ್ದು ಓದು. ಲೈಟು ಆರಿಸದ ರೂಮಾದರೆ ಬೇರೆ ರೂಮು ನೋಡು. ಜಾತ್ರೆಗೆ ಹೋಗು, ತೇರು ಎಳಿ, ರಾತ್ರಿಯಿಡೀ ನಡೆಯುವ ನಾಟಕಕ್ಕೆ ಮಾತ್ರ ಕೂರಬೇಡ.

ರೂಮಿನಲ್ಲಿ ನಂಬುವಂಥ ಒಬ್ಬನಿಗಾದರೂ ವಿಷಯ ಹೇಳಿಡು. 'ನನ್ನ ನಿದ್ದೆ ಕಡಿಮೆಯಾಗಿ ಮಾತು, ಖರ್ಚು ಜಾಸ್ತಿಯಾದರೆ ಅಪ್ಪನಿಗೆ ಫೋನ್ ಮಾಡು' ಅಂದರೆ ಸಾಕು. ನನಗೆ ಈ ಕೆಲಸ ಮಾಡುವವಳು ನನ್ನ ವೈನಿ. ಫೋನಿನಲ್ಲಿ ದನಿ ಕೇಳಿದವಳೇ 'ನಿನ್ನೆ ಎಷ್ಟಕ್ಕ ಮಲಗಿದ್ದಿ?' ಅಂತಾಳೆ. ಆ ಹೊತ್ತಿಗೆ ಸಿಟ್ಟು ಬರುತ್ತದೆ. ಆದರೂ ಅವಳು ಕೇಳುವುದು ಬಿಡಬಾರದು.

ಇನ್ನು ಅಪ್ಪನ ಮಾತು. ಅವರ ಕಾಳಜಿ ತಪ್ಪಲ್ಲ. ಆದರೆ ಈ ಗುಳಿಗೆ ಬಂದ ಕಾಯಿಲೆಗಷ್ಟೇ ಅಲ್ಲ, ಮತ್ತೆ ಬರದಂತೆ ತಡೆಯಲಿಕ್ಕೂ ಬೇಕು. ಲಿಥಿಯಂ ಈ ಕಾಯಿಲೆಗೆ ನಾಟುತ್ತದೆ ಅಂತ ಆಸ್ಟ್ರೇಲಿಯಾದ ಡಾಕ್ಟರು ಜಾನ್ ಕೇಡ್ ಬರೆದದ್ದು 1949ರಲ್ಲಿ. ಇಂದಿಗೂ ಅದರ ಜಾಗ ಹೋಗಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರಳಬಹುದು. ನಿಲ್ಲಿಸುವುದೋ ಕಡಿಮೆ ಮಾಡುವುದೋ, ಡಾಕ್ಟರ ಎದುರು ಕೂತೇ ಆಗಬೇಕು.

ಲಿಥಿಯಂ ಜೊತೆ ಕೆಲವು ಶಿಸ್ತು ಬೇಕೇ ಬೇಕು. ಡಾಕ್ಟರು ಹೇಳಿದಾಗ ಪರೀಕ್ಷೆಗೆ ರಕ್ತ ಕೊಡು. ರಾತ್ರಿ ಗುಳಿಗೆ ತಗೊಂಡು 12 ತಾಸಿನ ಮೇಲೆ, ಬೆಳಗಿನ ಗುಳಿಗೆಗೆ ಮುಂಚೆ ಕೊಟ್ಟರೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಸರಿಯಾಗಿ ಗೊತ್ತಾಗುತ್ತದೆ. ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಗಾಗ ಆಗಲಿ. ಗದಗಿನ ಬೇಸಿಗೆ ಗೊತ್ತಲ್ಲ? ಬೆವರು ಹೋಗಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬಾಟಲಿ ಜೊತೆಗಿರಲಿ, ಊಟದ ಉಪ್ಪು ಒಮ್ಮೆಲೇ ಬಿಡಬೇಡ. ತಲೆನೋವು ಅಂತ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗಬೇಡ, ಅದೂ ಲಿಥಿಯಂ ಏರಿಸುತ್ತದೆ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ನಡೆಯುವಾಗ ತೂರಾಡುವುದು, ಇವು ಲಿಥಿಯಂ ಅತಿಯಾದ ಲಕ್ಷಣ ಇರಬಹುದು, ಕಂಡರೆ ಅಂದೇ ಆಸ್ಪತ್ರೆಗೆ ಹೋಗು.

ನೌಕರಿ ಚಿಂತೆ ನೀನು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಧೈರ್ಯದಿಂದ ಓದು.

ಮನಸ್ಸು ಕುಸಿದು ಸಾಯುವ ಯೋಚನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲೇ ಮಾನಸಿಕ ಕಾಯಿಲೆಯ ಸರಕಾರಿ ಆಸ್ಪತ್ರೆ ಡಿಮ್ಹಾನ್ಸ್ ಕೂಡ ಇದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಪ್ಪನನ್ನೂ ಕರಕೊಂಡು ಹೋಗು. ಬೆಳಗಿನ ಬಸ್ಸಿಗೆ ಬರಲಿ. 'ಎಷ್ಟು ದಿನ ಗುಳಿಗಿ' ಅನ್ನುವುದನ್ನು ಅವರೇ ಕೇಳಲಿ.