ಫ್ಯಾನ್ ವಿಮಾನ ಅಂತ ಮೂಗು ಮುರಿಯಬೇಡಿ
ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಪ್ರೊಪೆಲರ್ ವಿಮಾನದ ಬಗ್ಗೆ. ಅದಕ್ಕೇ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇವೆ.

ಪ್ರಶ್ನೆ: ಸರ್, ನಮ್ಮೂರಿನ ರನ್‌ವೇ 3,200 ಮೀಟರ್ ಇದೆ. ಏರ್‌ಬಸ್ ಇಳಿಯುತ್ತದೆ ಅಂತ ಹೇಳಿಯೇ ಕಟ್ಟಿದರು. ಕೊನೆಗೆ ಬಂದದ್ದು ಮಾತ್ರ ಫ್ಯಾನ್ ಇರೋ ಹಳೇ ಕಾಲದ ವಿಮಾನ. ಸಣ್ಣ ಊರು ಅಂತ ತಾತ್ಸಾರವೇ? (ಶಿವಮೊಗ್ಗದ ಓದುಗರು)

ಹಳೇ ಕಾಲದ್ದು ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ನಿಮ್ಮೂರಿಗೆ ಮೊದಲು ಬಂದಿಳಿದದ್ದು ಎಟಿಆರ್ 72. ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು 1981ರಲ್ಲಿ ಕೈ ಜೋಡಿಸಿ, ಫ್ರಾನ್ಸಿನ ಟೂಲೂಸ್‌ನಲ್ಲಿ ಶುರು ಮಾಡಿದ ಸಂಸ್ಥೆಯ ಹೆಸರೇ ಎಟಿಆರ್. ಮೊದಲು ಚಿಕ್ಕದು, ಎಟಿಆರ್ 42, 1984ರಲ್ಲಿ ಹಾರಿತು. ಅದನ್ನೇ ಉದ್ದ ಮಾಡಿದ 72 ಹಾರಿದ್ದು 1988ರಲ್ಲಿ. ಅದರ ಹೊಸ ಮಾದರಿಗಳನ್ನು ಇವತ್ತಿಗೂ ಕಟ್ಟಿ ಮಾರುತ್ತಿದ್ದಾರೆ.

ಫ್ಯಾನ್ ಹಿಂದೆ ಇರುವುದೂ ಟರ್ಬೈನೇ, ಜೆಟ್ ಎಂಜಿನ್ನಿನ ದಾಯಾದಿ. ಜೆಟ್‌ನಲ್ಲಿ ಗಾಳಿಯನ್ನು ಹಿಂದಕ್ಕೆ ರಭಸವಾಗಿ ತಳ್ಳಿ ವಿಮಾನವನ್ನು ಮುಂದೆ ನೂಕುತ್ತಾರೆ. ಇಲ್ಲಿ ಟರ್ಬೈನಿನ ಬಹುಪಾಲು ಶಕ್ತಿ ಗೇರ್‌ಬಾಕ್ಸ್ ಮೂಲಕ ಪ್ರೊಪೆಲರಿಗೆ ಹೋಗುತ್ತದೆ. ಆರು ಅಲಗಿನ ದೊಡ್ಡ ಪ್ರೊಪೆಲರ್ ಬಹಳಷ್ಟು ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ. ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗಕ್ಕೆ ಇದೇ ಮಿತವ್ಯಯದ ದಾರಿ. 800 ಕಿ.ಮೀ. ವೇಗ ಬೇಕು ಅಂದರೆ ಆಗ ಜೆಟ್ಟೇ ಬೇಕು, ಒಪ್ಪುತ್ತೇವೆ. ಆದರೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಅಷ್ಟೇ. ಜೆಟ್ ಮೇಲೇರಿ, ತನ್ನ ವೇಗ ಹಿಡಿದು, ಇನ್ನೇನು ನೆಟ್ಟಗಾಯಿತು ಅನ್ನುವಷ್ಟರಲ್ಲಿ ಇಳಿಯೋ ಹೊತ್ತು ಬಂದಿರುತ್ತದೆ. ಉಳಿಯುವ ಸಮಯ ಕೆಲವು ನಿಮಿಷ. ಅದಕ್ಕೆ ತೆರಬೇಕಾದ ಬೆಲೆ? ಎಟಿಆರ್ ಗಂಟೆಗೆ ಸುಮಾರು 700 ಕೆಜಿ ಇಂಧನ ಕುಡಿದರೆ, 180 ಜನರ ಏರ್‌ಬಸ್ 2,000 ಕೆಜಿ ದಾಟುತ್ತದೆ. ದೊಡ್ಡ ವಿಮಾನ ತುಂಬಿ ಹೋದರೆ ಸರಿ. ದಿನಾ 180 ಜನ ಎಲ್ಲಿಂದ ತರುತ್ತೀರಿ? ರನ್‌ವೇ ಉದ್ದ ಇದೆ ಅಂತ ಜನ ಹುಟ್ಟುವುದಿಲ್ಲವಲ್ಲ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ನಮ್ಮ ದೇಶದಲ್ಲಿ 40 ಟನ್‌ಗಿಂತ ಕಮ್ಮಿ ತೂಕದ ವಿಮಾನಗಳ ಇಂಧನಕ್ಕೆ ಮಾರಾಟ ತೆರಿಗೆ ಇಷ್ಟೇ ಅಂತ ಮಿತಿ ಇದೆ, ಎಟಿಆರ್ ತೂಕ 23 ಟನ್. ದೊಡ್ಡ ಜೆಟ್‌ಗಳಿಗೆ ಆ ಮಿತಿ ಇಲ್ಲ, ರಾಜ್ಯ ಹೇಳಿದಷ್ಟು ಕಟ್ಟಬೇಕು. 80 ಸೀಟಿಗಿಂತ ಚಿಕ್ಕ ವಿಮಾನಗಳಿಗೆ ಇಳಿಯುವ ಶುಲ್ಕ ಬೇಡ ಅಂತಲೂ ಬಹಳ ವರ್ಷಗಳಿಂದ ನಿಯಮ ಇದೆ. ಇಂಡಿಗೊ ತನ್ನ ಎಟಿಆರ್‌ನಲ್ಲಿ ಸರಿಯಾಗಿ 78 ಸೀಟು ಹಾಕಿಸಿರುವುದನ್ನು ನೋಡಿ ನೀವೇ ಲೆಕ್ಕ ಹಾಕಿಕೊಳ್ಳಿ!

ಹಾಗಂತ ನಿಮ್ಮ ಬೇಸರ ಪೂರ್ತಿ ತಪ್ಪಲ್ಲ. ಶಿವಮೊಗ್ಗದಿಂದ ದೆಹಲಿಗೆ ನೇರ ಹೋಗಬೇಕು ಅಂದರೆ ಜೆಟ್ ಬೇಕು, ಅದನ್ನು ಕೇಳಿ, ಗಟ್ಟಿಯಾಗಿಯೇ ಕೇಳಿ. ಬೆಂಗಳೂರಿಗೆ ಹೋಗೋಕೆ ಮಾತ್ರ ಬೇಡ. ಮೈಸೂರಿನವರ ಪಾಡು ಬೇರೆ. ಅಲ್ಲಿನ ರನ್‌ವೇ 1,740 ಮೀಟರ್, ಉದ್ದ ಮಾಡೋಣ ಅಂದರೆ ನಂಜನಗೂಡು ರಸ್ತೆ, ರೈಲು ಹಳಿ ಅಡ್ಡ. ಅಂಥ ಕಡೆ ನಿರಾಳವಾಗಿ ಇಳಿದು ಏರುವುದು ಇಂಥ ವಿಮಾನವೇ.

ಪ್ರಶ್ನೆ: ನಿಲ್ದಾಣದಲ್ಲಿ ನಿಂತಿದ್ದಾಗ ಬಲಗಡೆಯ ಎಂಜಿನ್ ಗುಂಯ್ ಅನ್ನುತ್ತಿತ್ತು, ಪ್ರೊಪೆಲರ್ ಮಾತ್ರ ಅಲ್ಲಾಡಲಿಲ್ಲ. ಕೆಟ್ಟಿತ್ತಾ? (ಹುಬ್ಬಳ್ಳಿಯ ಓದುಗರು)

ಕೆಟ್ಟಿರಲಿಲ್ಲ. ಒಳ್ಳೆಯ ಕಣ್ಣು ನಿಮ್ಮದು. ಇದಕ್ಕೆ ವಿಮಾನದವರು ಹೋಟೆಲ್ ಮೋಡ್ ಅನ್ನುತ್ತಾರೆ. ಬಹಳ ವಿಮಾನಗಳ ಬಾಲದಲ್ಲಿ ಇನ್ನೊಂದು ಪುಟ್ಟ ಎಂಜಿನ್ ಇರುತ್ತದೆ, ನಿಂತಿದ್ದಾಗ ಕರೆಂಟು, ಎಸಿ ಕೊಡೋಕೆ. ಎಟಿಆರ್‌ನಲ್ಲಿ ತೂಕ ಉಳಿಸೋಕೆ ಅದನ್ನೇ ಬಿಟ್ಟಿದ್ದಾರೆ. ಬದಲಿಗೆ ಬಲಗಡೆಯ ಪ್ರೊಪೆಲರಿಗೊಂದು ಬ್ರೇಕ್ ಇದೆ. ಪ್ರೊಪೆಲರ್ ತಿರುಗಿಸುವ ಟರ್ಬೈನಿನ ಶಾಫ್ಟ್ ಬೇರೆ, ಎಂಜಿನ್ನಿನ ಉಳಿದ ಭಾಗದ ಶಾಫ್ಟ್ ಬೇರೆ. ಹಾಗಾಗಿ ಒಂದನ್ನು ಹಿಡಿದು ನಿಲ್ಲಿಸಿದರೂ ಇನ್ನೊಂದು ಓಡುತ್ತಲೇ ಇರುತ್ತದೆ. ಜನ ಎಡಗಡೆಯ ಬಾಗಿಲಿನಿಂದ ಹತ್ತುತ್ತಾರಲ್ಲ, ಅದಕ್ಕೇ ಈ ಏರ್ಪಾಡು ಬಲಗಡೆಗೆ.

ಪ್ರಶ್ನೆ: ನೇಪಾಳದ ಅಪಘಾತ ನೋಡಿದ ಮೇಲೆ ನಮ್ಮಮ್ಮ ಎಟಿಆರ್ ಹತ್ತೋಕೇ ಒಪ್ಪುತ್ತಿಲ್ಲ. ಏನು ಹೇಳಲಿ? (ಕಲಬುರಗಿಯ ಓದುಗರು)

ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ. 2023ರ ಜನವರಿ 15ರಂದು ಪೋಖರಾದಲ್ಲಿ ವಿಮಾನದಲ್ಲಿದ್ದ 72 ಜನರೂ ಸತ್ತರು. ಆದರೆ ತನಿಖೆಯಲ್ಲಿ ಗೊತ್ತಾದದ್ದು ಇದು: ಇಳಿಯುವಾಗ ರೆಕ್ಕೆಯ ಹಿಂದಂಚಿನಿಂದ ಚಾಚುವ ಫ್ಲ್ಯಾಪ್‌ಗಳ ಸನ್ನೆ (ಲಿವರ್) ಎಳೆಯುವ ಬದಲು ಪಕ್ಕದ ಸನ್ನೆಗಳಿಗೆ ಕೈ ಹೋಗಿ, ಎರಡೂ ಪ್ರೊಪೆಲರ್‌ಗಳ ಅಲಗು ಗಾಳಿಗೆ ಅಂಚು ತಿರುಗಿಸಿ ನಿಂತವು. ಎಂಜಿನ್ ಓಡುತ್ತಿತ್ತು, ತಳ್ಳುವ ಬಲವೇ ಇರಲಿಲ್ಲ. ಅದು ಕಾಕ್‌ಪಿಟ್‌ನ ತಪ್ಪು. ವಿನ್ಯಾಸದ ಕಡೆಯ ತಲೆನೋವು ಬೇರೆ ಇತ್ತು, ಅದು ಮಂಜುಗಡ್ಡೆ. 1994ರಲ್ಲಿ ಅಮೆರಿಕದ ರೋಸ್‌ಲಾನ್ ಬಳಿ ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿ ಎಟಿಆರ್ ಬಿದ್ದು 68 ಜನ ಸತ್ತರು. ಆಮೇಲೆ ರೆಕ್ಕೆಯ ಮುಂದಂಚಿನ ಕಪ್ಪು ರಬ್ಬರ್ ಪಟ್ಟಿಯನ್ನು ಇನ್ನಷ್ಟು ಅಗಲ ಮಾಡಿದರು. ಕಿಟಕಿಯಿಂದ ನೋಡಿದರೆ ಕಾಣುತ್ತದೆ. ಗಾಳಿ ತುಂಬಿದಾಗ ಅದು ಉಬ್ಬಿ ಮಂಜುಗಡ್ಡೆಯನ್ನು ಒಡೆದು ಉದುರಿಸುತ್ತದೆ.

ಕುಲುಕಾಟ ಮಾತ್ರ ಇದ್ದದ್ದೇ. ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ, ಮಳೆಗಾಲದ ಮೋಡದ ನೆತ್ತಿ ದಾಟೋಕೆ ಅಷ್ಟು ಸಾಲದು. ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ, ಅಲ್ಲಾಡಿದಾಗ ಗಾಬರಿ ಕಮ್ಮಿ ಆಗುತ್ತದೆ. ಬೆಳಗಿನ ವಿಮಾನವೇ ಇರಲಿ.

ಪ್ರಶ್ನೆ: ಬೆಂಗಳೂರಿನಲ್ಲೇ ಸರಸ್ ಅಂತ ವಿಮಾನ ಮಾಡಿದ್ದರಲ್ಲ, ಅದರಲ್ಲಿ ನಾವ್ಯಾಕೆ ಓಡಾಡುತ್ತಿಲ್ಲ? (ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿ)

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) 1990ರ ದಶಕದ ಶುರುವಿನಲ್ಲಿ ರಷ್ಯಾದ ಮ್ಯಾಸಿಷ್ಚೆವ್ ಸಂಸ್ಥೆಯ ಜೊತೆ ಇದಕ್ಕೆ ಕೈ ಹಾಕಿತು. ಸೋವಿಯತ್ ಒಕ್ಕೂಟ ಒಡೆಯಿತು, ಜೊತೆಗಾರರು ಹಿಂದೆ ಸರಿದರು. 14 ಸೀಟಿನ ವಿಮಾನ, ಪ್ರೊಪೆಲರ್ ಬಾಲದ ಹತ್ತಿರ ಹಿಂದಕ್ಕೆ ಮುಖ ಮಾಡಿ. 2004ರ ಮೇ 29ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಸಲ ಹಾರಿದಾಗ ಅದರ ತೂಕ ಅಂದುಕೊಂಡಿದ್ದಕ್ಕಿಂತ ಸುಮಾರು ಒಂದು ಟನ್ ಜಾಸ್ತಿ. ಚಿಕ್ಕ ವಿಮಾನದಲ್ಲಿ ಒಂದು ಟನ್ ಅಂದರೆ ಸುಮಾರು ಹತ್ತು ಪ್ರಯಾಣಿಕರನ್ನೇ ಇಳಿಸಿದ ಹಾಗೆ. 2009ರ ಮಾರ್ಚ್ 6ರಂದು ಎಂಜಿನ್ ಆರಿಸಿ ಗಾಳಿಯಲ್ಲೇ ಮತ್ತೆ ಹೊತ್ತಿಸುವ ಪರೀಕ್ಷೆಯಲ್ಲಿ ಎರಡನೇ ಮಾದರಿ ಬಿಡದಿ ಹತ್ತಿರ ಬಿದ್ದು, ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಕೆಲಸ ವರ್ಷಗಟ್ಟಲೆ ನಿಂತುಹೋಯಿತು. ಸುಧಾರಿಸಿದ ಮಾದರಿ ಮತ್ತೆ ಹಾರಿದ್ದು 2018ರ ಜನವರಿಯಲ್ಲಿ, ಮುಂದಿನ ಗುರಿ 19 ಸೀಟಿನ ಎರಡನೇ ಆವೃತ್ತಿ.

ನಮ್ಮ ಅನಿಸಿಕೆ ಕೇಳಿದರೆ, ಬುದ್ಧಿವಂತರು ಕಮ್ಮಿ ಇರಲಿಲ್ಲ. ಸೋತದ್ದು ನಡುನಡುವೆ ಕೈಬಿಟ್ಟದ್ದಕ್ಕೆ. ಎಚ್‌ಎಎಲ್ ಕಾನ್ಪುರದಲ್ಲಿ ಜರ್ಮನಿಯ ಪರವಾನಗಿ ಪಡೆದು 1980ರ ದಶಕದಿಂದ ಡಾರ್ನಿಯರ್ 228 ಕಟ್ಟುತ್ತಲೇ ಬಂದಿದೆ. 2022ರ ಏಪ್ರಿಲ್‌ನಲ್ಲಿ ಅದೇ ವಿಮಾನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಜನರನ್ನು ಹೊತ್ತು ಹೋಯಿತು. ನೀವು ಓದು ಮುಗಿಸುವಷ್ಟರಲ್ಲಿ ಎನ್‌ಎಎಲ್‌ನಲ್ಲಿ ಕೆಲಸ ಖಾಲಿ ಇದ್ದರೆ ಅರ್ಜಿ ಹಾಕಿ.

ಪ್ರಶ್ನೆ: ಎಟಿಆರ್‌ನಲ್ಲಿ ಯಾವ ಸೀಟು ಒಳ್ಳೆಯದು? (ಮೈಸೂರಿನ ಓದುಗರು)

ಶಬ್ದ ಬೇಡ ಅಂದರೆ ಹಿಂದುಗಡೆ. ಪ್ರೊಪೆಲರ್ ಸದ್ದು ಮುಂದಿನ ಸಾಲುಗಳಲ್ಲೇ ಜೋರು. ಬಾಗಿಲೂ ಹಿಂದೆಯೇ ಇರುವುದರಿಂದ ಮೊದಲು ಇಳಿಯುವವರೂ ನೀವೇ. ರೆಕ್ಕೆ ಮೇಲಿರುವುದರಿಂದ ಯಾವ ಕಿಟಕಿಯಲ್ಲಾದರೂ ನೆಲ ಚೆನ್ನಾಗಿ ಕಾಣುತ್ತದೆ. ಮಕ್ಕಳು ಜೊತೆಗಿದ್ದರೆ ನಡುವಿನ ಸಾಲು ತೆಗೆದುಕೊಳ್ಳಿ, ಹೊಟ್ಟೆಯೊಳಗಿಂದ ಚಕ್ರ ಹೊರಗೆ ಬರುವುದು, ನೆಲ ಮುಟ್ಟಿ ಹೊಗೆ ಎಬ್ಬಿಸುವುದು ಎಲ್ಲಾ ಕಾಣುತ್ತದೆ. ಕೈಚೀಲ ಮಾತ್ರ ಚಿಕ್ಕದಿರಲಿ, ತಲೆ ಮೇಲಿನ ಗೂಡಿನಲ್ಲಿ ಜಾಗ ಕಮ್ಮಿ.